ೞ ಬರೆಯೋಕೆ ಒಂದು ಕೀ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಗೋಡೆ ಪತ್ರಿಕೆಗೆ ಹಳಗನ್ನಡ ಪದಗಳ ಪಟ್ಟಿ ಟೈಪ್ ಮಾಡೋ ಕೆಲಸ ನನಗೆ ಬಂತು. ಱ, ೞ ಕೀಬೋರ್ಡಿನಲ್ಲಿ ಎಲ್ಲಿವೆ ಅಂತ ಗೊತ್ತಾಗದೆ ರ, ಳ ಹಾಕಿ ಮುಗಿಸಿದೆ. ಒಬ್ಬರು ಸೀನಿಯರ್ ಅಕ್ಕ ನೋಡಿ, "ಅಱಿ ಅಂದ್ರೆ ತಿಳಿ. ನೀನು ಬರೆದಿರೋ ಅರಿ ಅಂದ್ರೆ ಶತ್ರು ಕಣೋ" ಅಂದ್ರು. ನಾಶವಾಗು ಅನ್ನೋ ಅರ್ಥದ ಅೞಿ ನನ್ನ ಕೈಲಿ ಅಳಿ, ಅಂದ್ರೆ ದುಂಬಿ ಆಗಿತ್ತು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನನಗೆ ಇಂಥ ಅಕ್ಷರಗಳು ಇದ್ದವು ಅನ್ನೋದೇ ಹೊಸ ವಿಷಯ. ಪಟ್ಟಿ ಕಿತ್ತು ಮತ್ತೆ ಮಾಡಬೇಕಾಯ್ತು.

ಲಿನಕ್ಸ್‌ನ ಎಷ್ಟೋ ಪ್ರೋಗ್ರಾಮ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ ಯೂನಿಕೋಡ್ ಸಂಖ್ಯೆ ಕೊಟ್ಟರೆ ಅಕ್ಷರ ಬರುತ್ತೆ. ೞಗೆ 0ಸಿಡಿಇ, ಱಗೆ 0ಸಿಬಿ1. ಆದರೆ ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ? (ಯೂನಿಕೋಡ್ ಪಟ್ಟಿಯಲ್ಲಿ ೞಗೆ ಇರೋ ಹೆಸರು 'ಕನ್ನಡ ಲೆಟರ್ ಫಾ'. ತಪ್ಪು ಹೆಸರೇ. ಆದರೆ ಒಮ್ಮೆ ಇಟ್ಟ ಹೆಸರನ್ನು ಅಲ್ಲಿ ಬದಲಾಯಿಸೋ ಹಾಗಿಲ್ಲ!)

ನನಗೆ ಉಪಯೋಗಕ್ಕೆ ಬಂದದ್ದು ಕಂಪೋಸ್ ಕೀ. ಟರ್ಮಿನಲ್ ತೆಗೆದು 'ಸೆಟ್‌ಎಕ್ಸ್‌ಕೆಬಿಮ್ಯಾಪ್ -ಆಪ್ಷನ್ ಕಂಪೋಸ್:ಆರ್‌ಆಲ್ಟ್' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ಆರ್‌ಆಲ್ಟ್ ಮಧ್ಯೆ ಜಾಗ ಬಿಡಬೇಡಿ. ಬಲಗಡೆಯ ಆಲ್ಟ್ ಈಗ ಕಂಪೋಸ್ ಕೀ. ಅದನ್ನು ಹಿಡಿದುಕೊಳ್ಳೋದು ಬೇಡ, ಒತ್ತಿ ಬಿಟ್ಟು ಮುಂದಿನ ಎರಡು ಕೀ ಒತ್ತಿ. ಎಂ, ಯು ಒತ್ತಿದರೆ µ. ಎರಡು ಸಲ ಓ ಒತ್ತಿದರೆ °. + ಮತ್ತು - ಸೇರಿದರೆ ±. ಲ್ಯಾಬ್ ರೆಕಾರ್ಡ್‌ನಲ್ಲಿ 10 µF ಬರೆಯೋಕೆ ಇನ್ನು ಯು ಹಾಕಬೇಕಿಲ್ಲ.

ೞ ಇದರಲ್ಲಿ ಮೊದಲೇ ಇರಲ್ಲ, ನಾವೇ ಸೇರಿಸಬೇಕು. ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗೋ '.ಎಕ್ಸ್‌ಕಂಪೋಸ್' ಫೈಲ್ ಮಾಡಿ. ಹೆಸರಲ್ಲಿ ಎಕ್ಸ್ ಮತ್ತು ಸಿ ದೊಡ್ಡಕ್ಷರ. ಮೊದಲ ಸಾಲು: ಇನ್‌ಕ್ಲೂಡ್ "%ಎಲ್", ಇಲ್ಲಿ ಎಲ್ ದೊಡ್ಡದು. ನಾನು ಇದನ್ನು ಬಿಟ್ಟಿದ್ದೆ. ೞ ಬಂತು, ಆದರೆ µ, ° ಎಲ್ಲ ಮಾಯ! ಮೊದಲಿದ್ದ ನಿಯಮಗಳನ್ನು ಒಳಗೆ ತರೋದೇ ಆ ಸಾಲು. ಅದರ ಕೆಳಗೆ:

<ಮಲ್ಟಿ_ಕೀ> <ಕೆ> <ಎಲ್> : "ೞ"
<ಮಲ್ಟಿ_ಕೀ> <ಕೆ> <ಆರ್> : "ಱ"

ಮಲ್ಟಿಯ ಎಂ ಮಾತ್ರ ದೊಡ್ಡಕ್ಷರ. ಕೆ ಅಂದ್ರೆ ಕನ್ನಡ ಅಂತ ನಾನು ಇಟ್ಟುಕೊಂಡದ್ದು, ನಿಮಗೆ ಬೇಕಾದ್ದು ಇಟ್ಟುಕೊಳ್ಳಿ. Ω ಕೂಡ ಹೀಗೇ ಸೇರಿಸಬಹುದು. ಫೈಲ್ ಸೇವ್ ಮಾಡಿ, ಟೈಪ್ ಮಾಡ್ತಿರೋ ಪ್ರೋಗ್ರಾಮ್ ಮುಚ್ಚಿ ತೆಗೆದರೆ ಮಾತ್ರ ಹೊಸ ನಿಯಮ ಹತ್ತುತ್ತೆ. ಕಂಪೋಸ್ ಬಳಸುವಾಗ ಲೇಔಟ್ ಇಂಗ್ಲಿಷ್‌ನಲ್ಲಿರಲಿ. ಗುಡಿಸು, ಕೊಂಬು ಹಾಕೋಕೆ ಆಮೇಲೆ ಇನ್‌ಸ್ಕ್ರಿಪ್ಟ್‌ಗೆ ಹೋಗಿ, ಅಲ್ಲಿ ಅವಕ್ಕೆ ಬೇರೆ ಕೀಗಳೇ ಇವೆ.

ಲಾಗೌಟ್ ಆದರೆ ಆ ಕಮಾಂಡ್ ಮರೆತುಹೋಗುತ್ತೆ, ಸ್ಟಾರ್ಟಪ್‌ನಲ್ಲಿ ಸೇರಿಸಿಡಿ. ವೇಲ್ಯಾಂಡ್ ಇದ್ದರೆ ಕಮಾಂಡ್ ಬದಲು ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕಂಪೋಸ್ ಕೀ ಆರಿಸಿ.

ಹೊಸ ಪಟ್ಟಿಯ ಪ್ರಿಂಟ್ ತೆಗೆದಾಗ ೞ ಇರಬೇಕಾದ ಕಡೆ ಖಾಲಿ ಡಬ್ಬಿ ಬಂತು. ಆ ಫಾಂಟ್‌ನಲ್ಲಿ ಅಕ್ಷರವೇ ಇರಲಿಲ್ಲ. ಪಿಡಿಎಫ್ ಮಾಡೋ ಮುಂಚೆ ಅದನ್ನೂ ಒಮ್ಮೆ ನೋಡಿಕೊಳ್ಳಿ.