ಒಂಟಿ, ಏಕಾಂಗಿ, ಏಕಾಂತ

ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಹೇಳಲಾಗುವ ಪದಗಳು ಬಳಕೆಯಲ್ಲಿ ಪೂರ್ಣವಾಗಿ ಸಮಾನವಾಗಿರುವುದು ಅಪರೂಪ. ‘ಒಂಟಿ’, ‘ಏಕಾಂಗಿ’, ‘ಏಕಾಂತ’, ‘ತಬ್ಬಲಿ’, ‘ಪರದೇಶಿ’ ಎಂಬ ಪದಗಳೆಲ್ಲವೂ ಜೊತೆಯಿಲ್ಲದಿರುವ ಸ್ಥಿತಿಯನ್ನೇ ಸೂಚಿಸುತ್ತವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಅರ್ಥ ಕೆಡುವುದಷ್ಟೇ ಅಲ್ಲ, ಯಾರನ್ನು ಕುರಿತು ಮಾತನಾಡುತ್ತೇವೆಯೋ ಅವರಿಗೆ ಅನ್ಯಾಯವೂ ಆದೀತು. ಈ ಭೇದಗಳನ್ನು ತಿಳಿಯಲು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯು ತಕ್ಕ ನಿದರ್ಶನಗಳನ್ನು ಒದಗಿಸುತ್ತದೆ.

‘ಒಂಟಿ’ ಎಂಬುದು ‘ಒಂದು’ ಎಂಬುದಕ್ಕೆ ಸಂಬಂಧಿಸಿದ ಕನ್ನಡ ಪದ. ಅನೇಕ ಬಳಕೆಗಳಲ್ಲಿ ಇದಕ್ಕೆ ವಿರುದ್ಧವಾದುದು ‘ಗುಂಪು’ ಅಲ್ಲ, ‘ಜೋಡಿ’. ಒಂಟಿಗಾಲು, ಒಂಟಿಗಣ್ಣು, ಒಂಟಿ ಎತ್ತಿನ ಗಾಡಿ ಎಂಬ ಮಾತುಗಳಲ್ಲಿ ಇದು ಸ್ಪಷ್ಟವಾಗುತ್ತದೆ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳು ತಮ್ಮ ಚಪ್ಪಟೆ ಮುಖಗಳನ್ನು ಎದುರುಬದುರಾಗಿಸಿಕೊಂಡು ಬೆಳೆಯುತ್ತವೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ದುಂಡಗಾಗುತ್ತದೆ. ‘ಪೀಬೆರಿ’ ಎಂದು ಕರೆಯುವ ಇದನ್ನು ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಬೇರೆಯಾಗಿ ವಿಂಗಡಿಸುತ್ತಾರೆ. ಅದು ಒಂಟಿ ಬೀಜ. ಅದನ್ನು ಏಕಾಂಗಿ ಬೀಜವೆಂದು ಯಾರೂ ಹೇಳರು.

ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಮಲೆನಾಡಿನಲ್ಲಿಯಾದರೋ ಅವು ಗದ್ದೆ ತೋಟಗಳ ನಡುವೆ ಒಂದೊಂದಾಗಿ ಚದುರಿರುತ್ತವೆ. ಅಂತಹ ಮನೆಯಲ್ಲಿ ಹತ್ತು ಜನರಿದ್ದರೂ ಅದು ‘ಒಂಟಿಮನೆ’ಯೇ. ಕಾಫಿ ತೋಟಗಳಿಗೆ ನುಗ್ಗುವ ‘ಒಂಟಿ ಸಲಗ’ವೂ ದುಃಖದ ಪ್ರತಿಮೆಯಲ್ಲ. ಹೆಣ್ಣಾನೆಗಳು ಮರಿಗಳೊಡನೆ ಹಿಂಡಿನಲ್ಲಿರುತ್ತವೆ; ಗಂಡಾನೆ ಪ್ರಾಯಕ್ಕೆ ಬರುತ್ತಿದ್ದಂತೆ ಹಿಂಡನ್ನು ಬಿಡುವುದು ಅದರ ಸಹಜ ಧರ್ಮ. ಹೀಗೆ ‘ಒಂಟಿ’ ಎಂಬುದು ಇರುವ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆದರೆ ಅದಕ್ಕೆ ‘ತನ’ ಎಂಬ ಪ್ರತ್ಯಯ ಸೇರಿ ‘ಒಂಟಿತನ’ವಾದಾಗ ಮನಸ್ಸಿನ ಕೊರಗು ಕಾಣಿಸಿಕೊಳ್ಳುತ್ತದೆ. ಒಂಟಿಮನೆಯಲ್ಲಿ ಒಂಟಿತನ ಇಲ್ಲದಿರಬಹುದು. ತುಂಬಿದ ಮನೆಯಲ್ಲಿಯೂ ಅದು ಇರಬಹುದು.

‘ಏಕಾಂಗಿ’ ಎಂಬ ಸಂಸ್ಕೃತ ಪದದಲ್ಲಿ ನೆರವಿಲ್ಲದಿರುವಿಕೆಯೊಡನೆ ದಿಟ್ಟತನದ ಛಾಯೆಯೂ ಬರಬಹುದು. ಆಷಾಢದ ಗಾಳಿಮಳೆಗೆ ಮರ ಬಿದ್ದು ದಾರಿ ಮುಚ್ಚಿದಾಗ ಅದನ್ನು ಒಬ್ಬನೇ ಕಡಿದು ತೆರವು ಮಾಡಿದವನು ಏಕಾಂಗಿಯಾಗಿ ದುಡಿದನೆನ್ನುತ್ತೇವೆ.

‘ಏಕಾಂತ’ದಲ್ಲಿ ಬಹುಮಟ್ಟಿಗೆ ಇಚ್ಛೆಯಿದೆ. “ಅವರಿಬ್ಬರೂ ಏಕಾಂತದಲ್ಲಿ ಮಾತನಾಡಿದರು” ಎಂಬ ವಾಕ್ಯ ಸರಿಯಾದುದೇ. ಇಬ್ಬರಿದ್ದರೂ ಏಕಾಂತ ಕೆಡಲಿಲ್ಲ. ಏಕೆಂದರೆ ಇಲ್ಲಿ ಮುಖ್ಯವಾದುದು ಲೋಕದ ಕಣ್ಣು ಕಿವಿಗಳಿಂದ ದೂರವಿರುವುದು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ನಗರವಾಸವನ್ನು ತೊರೆದು ಮೂಡಿಗೆರೆಯ ಸಮೀಪದಲ್ಲಿ ಕಾಫಿ ಕೃಷಿಕರಾಗಿ ನೆಲಸಿದರು. ಪತ್ನಿ ಮತ್ತು ಹೆಣ್ಣುಮಕ್ಕಳೊಡನೆ ಅಲ್ಲಿ ಬಾಳಿದ ಅವರು ಹಕ್ಕಿಗಳ ಛಾಯಾಚಿತ್ರಗಳನ್ನು ತೆಗೆದರು, ಕಥೆ ಕಾದಂಬರಿಗಳನ್ನು ಬರೆದರು. ಆದರೆ 1980ರಲ್ಲಿ ಪ್ರಕಟವಾದ ಅವರ ‘ಕರ್ವಾಲೊ’ ಕಾದಂಬರಿ ಸುತ್ತಲಿನ ಹಳ್ಳಿಯ ಜನರಿಂದಲೇ ತುಂಬಿದೆ. ಅವರು ಆರಿಸಿಕೊಂಡುದು ಏಕಾಂತವನ್ನು, ಅದನ್ನು ಒಂಟಿತನವೆನ್ನಲಾಗದು.

ಇನ್ನು ಕೆಲವು ಪದಗಳು ಯಾವುದರ ಕೊರತೆಯೆಂಬುದನ್ನು ಸೂಚಿಸುತ್ತವೆ. ತಾಯಿಯಿಲ್ಲದ ಕರು, ಮಗು ‘ತಬ್ಬಲಿ’. ಕಾಪಾಡುವ ನಾಥನಿಲ್ಲದವನು ‘ಅನಾಥ’. ಅನ್ಯದೇಶದವನೆಂಬ ಅರ್ಥದ ‘ಪರದೇಶಿ’ ಎಂಬ ಪದಕ್ಕೆ ತನ್ನವರಿಲ್ಲದವನೆಂಬ ಅರ್ಥ ಬಂದಿದೆ. ತೋಟದ ಲೈನುಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ, ಅಸ್ಸಾಮಿನಂತಹ ದೂರದ ರಾಜ್ಯದಿಂದ ದುಡಿಯಲು ಬಂದು ಸುತ್ತಲಿನ ಭಾಷೆಯನ್ನರಿಯದವನಿಗೆ ಈ ಪದದ ಭಾರ ತಿಳಿದೀತು.

ಆದುದರಿಂದ ಪದವನ್ನು ಆರಿಸುವ ಮುನ್ನ, ಆ ಸ್ಥಿತಿಯನ್ನು ವ್ಯಕ್ತಿ ತಾನೇ ಬಯಸಿದನೋ, ಅದು ಅವನಿಗೆ ಒದಗಿತೋ, ಅವನಿಗೆ ಇಲ್ಲದಿರುವುದು ಏನು ಎಂಬುದನ್ನು ಕೇಳಿಕೊಳ್ಳಬೇಕು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಬಳಿಕ ತೋಟದ ಮನೆಯಲ್ಲಿ ಉಳಿದ ವೃದ್ಧೆಯನ್ನು ಕುರಿತು “ಏಕಾಂತದಲ್ಲಿ ನೆಮ್ಮದಿಯಾಗಿದ್ದಾರೆ” ಎಂದು ಹೇಳುವುದು ಸುಲಭ. ಆಕೆ ದಿನವೂ ಯಾರಾದರೂ ಬಂದಾರೆಂದು ದಾರಿ ಕಾಯುತ್ತಿದ್ದರೆ ಆ ಒಂದು ಪದ ಆಕೆಯ ನೋವನ್ನು ಮರೆಮಾಡುತ್ತದೆ. ವಿಚಾರಿಸಿಕೊಳ್ಳಬೇಕಾದವರ ಹೊಣೆಯನ್ನೂ ಮರೆಸುತ್ತದೆ. ಹಾಗೆಯೇ, ತೋಟವನ್ನು ತಾನೇ ನಡೆಸಿಕೊಂಡು ನೆಮ್ಮದಿಯಿಂದಿರುವ ಹೆಣ್ಣುಮಗಳನ್ನು “ಪಾಪ, ಪರದೇಶಿ” ಎಂದರೆ ಆಕೆಯ ಸಾಮರ್ಥ್ಯವನ್ನು ಕಡೆಗಣಿಸಿದಂತಾಗುತ್ತದೆ. ತಕ್ಕ ಪದವನ್ನು ಬಳಸಬೇಕಾದರೆ ಮೊದಲು ಆ ವ್ಯಕ್ತಿಯ ಸ್ಥಿತಿಯನ್ನು ಅರಿಯಬೇಕು. ಪದಗಳ ಅರ್ಥಭೇದವನ್ನು ಕಲಿಯುವುದರ ಪ್ರಯೋಜನ ಇದೇ.