ಶಾಣ್ಯಾ ಹುಡುಗನಿಗೆ ಒಂದು ಪತ್ರ

ಶಲವಡಿ

ತಮ್ಮಾ,

ನೀನು ಧಾರವಾಡಕ್ಕೆ ಓದಲು ಹೋದ ಮೇಲೆ ಊರಲ್ಲಿ ನಿನ್ನ ಮಾತು ಬಂದಾಗಲೆಲ್ಲ ಜನ ಅನ್ನುವುದು ಒಂದೇ: ‘ಭಾಳ ಶಾಣ್ಯಾ, ಒಬ್ಬರಿಗೂ ತ್ರಾಸ ಕೊಟ್ಟಾಂವಲ್ಲ.’ ಆಯುಷ್ಯವೆಲ್ಲ ಪಾಠ ಹೇಳಿದ ನನಗೆ ಈ ಹೊಗಳಿಕೆ ಕೇಳಿದರೆ ಹೆಮ್ಮೆಯ ಜೊತೆಗೆ ಅಂಜಿಕೆಯೂ ಆಗುತ್ತದೆ.

ಅಂಜಿಕೆ ಯಾಕೆಂದು ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇದಕ್ಕೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಪೇಪರ್ ಹೋದ ಇಬ್ಬರಲ್ಲಿ ಒಬ್ಬ ಚಹಾ ಕುಡಿದು ಮತ್ತೆ ಪರೀಕ್ಷೆ ಕಟ್ಟುತ್ತಾನೆ, ಇನ್ನೊಬ್ಬನಿಗೆ ಬಾಳೇ ಮುಗಿಯಿತು ಅನಿಸುತ್ತದೆ. ಇದರಲ್ಲಿ ಸ್ವಭಾವದ ಪಾಲೂ ಇದೆ ಎನ್ನುತ್ತಾರೆ ಮನಃಶಾಸ್ತ್ರ ಬಲ್ಲವರು. ಸಣ್ಣದನ್ನೂ ಹಚ್ಚಿಕೊಂಡು ಕೊರಗುವುದು, ಸಿಟ್ಟು ಬಂದ ಗಳಿಗೆಯ ದುಡುಕು, ಮುಂದೆ ಒಳ್ಳೆಯದೇ ಇಲ್ಲವೆಂಬ ನಿರಾಶೆ, ಮಂದಿಯ ನಿರೀಕ್ಷೆಗೆ ಕೂದಲೆಳೆಯಷ್ಟೂ ಕಡಿಮೆಯಾಗಬಾರದೆಂಬ ಹಟ, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಸ್ವಭಾವ ಹಣೆಬರಹವಲ್ಲ. ಇಂಥವರಲ್ಲಿ ಬಹುತೇಕರು ನೆಟ್ಟಗೆ ಬಾಳುತ್ತಾರೆ.

ದುಡುಕಿನವನನ್ನು ಊರು ಗುರುತಿಸಿ ತಡೆಯುತ್ತದೆ. ಹಟ ಹಿಡಿದು ಒಳಗೇ ಬೇಯುವವನು ಮಾತ್ರ ಎಲ್ಲರ ಕಣ್ಣಿಗೂ ಶಾಣ್ಯಾ. ರವಿವಾರ ಮನೆಗೆ ಫೋನ್ ಹಚ್ಚಿದಾಗ ಅವನ ಮಾತು ಹೀಗಿರುತ್ತದೆ: ‘ಊಟ ಆತೇನ?’ ‘ಆತು.’ ‘ಅಭ್ಯಾಸ?’ ‘ನಡದೈತಿ.’ ‘ರೊಕ್ಕ ಬೇಕೇನ?’ ‘ಬ್ಯಾಡ, ಇಡ್ತೀನಿ.’ ಎರಡು ವಾರದಿಂದ ನಿದ್ದೆಯಿಲ್ಲ, ಸೆಮಿಸ್ಟರ್‌ನಲ್ಲಿ ಬ್ಯಾಕ್ ಉಳಿದಿದೆ, ಮೆಸ್ಸಿಗೆ ಹೋಗಲು ಮನಸ್ಸಿಲ್ಲ ಅನ್ನುವ ಯಾವುದೂ ಆ ಫೋನಿನಲ್ಲಿ ದಾಟುವುದಿಲ್ಲ. ಅಪ್ಪನ ಸಾಲದ ಮೇಲೆ ನನ್ನ ಚಿಂತೆ ಬೇರೆ ಯಾಕೆ ಎಂದು ನುಂಗಿಬಿಡುತ್ತಾನೆ.

ನೀನು ನುಂಗಬೇಡ. ಮುಂಗಾರಿ ಹೆಸರು ಕೈಕೊಟ್ಟ ಎರಿಹೊಲದಲ್ಲೇ ಹಿಂಗಾರಿಗೆ ಕಡಲೆ ಬಿತ್ತಿದ ಮನುಷ್ಯ ನಿಮ್ಮಪ್ಪ. ಒಂದು ಪೇಪರ್ ಹೋದ ಸುದ್ದಿ ಕೇಳಿ ಮುರಿಯುವವನಲ್ಲ.

ಸಾಯಬೇಕೆಂಬ ವಿಚಾರ ಬಂದರೆ ಅದು ನಿನ್ನ ತಪ್ಪಲ್ಲ, ಆದರೆ ಅದರ ಜೊತೆ ಒಬ್ಬನೇ ಇರಬೇಡ. ಆ ಭಾವನೆ ಎಷ್ಟೇ ಜೋರಾಗಿ ಏರಿದರೂ ಇಳಿಯುತ್ತದೆ. ಇಳಿಯುವ ತನಕ ಗೆಳೆಯನ ಖೋಲಿಗೆ ಹೋಗಿ ಕೂಡು. 14416ಕ್ಕೆ ಫೋನ್ ಮಾಡು. ಅದು 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹಳಬರು ಅದನ್ನು ಹುಚ್ಚರ ಆಸ್ಪತ್ರೆ ಅನ್ನುತ್ತಾರೆಂದು ನಾಚಬೇಡ. ಮುರಿದ ಕಾಲಿಗೂ ಕುಗ್ಗಿದ ಮನಸ್ಸಿಗೂ ಡಾಕ್ಟರರೇ ಬೇಕು.

ಇನ್ನೊಂದು ಮಾತು. ನಿನ್ನ ಖೋಲಿಯವನು ಇದ್ದಕ್ಕಿದ್ದಂತೆ ಮಂಕಾಗಿದ್ದರೆ, ಪ್ರೀತಿಯ ಸಾಮಾನು ಹಂಚತೊಡಗಿದರೆ, ‘ನಾನು ಎಲ್ಲರಿಗೂ ಭಾರ’ ಅಂದರೆ, ಸಾಯುವ ವಿಚಾರ ಬರುತ್ತಿದೆಯಾ ಎಂದು ನೇರವಾಗಿ ಕೇಳು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೌದು ಅಂದರೆ ಉಪದೇಶ ಬೇಡ. ಗುಟ್ಟು ಕಾಯುತ್ತೇನೆಂದು ಆಣೆಯನ್ನೂ ಮಾಡಬೇಡ. ಅವನ ಜೊತೆಗಿದ್ದು, ಆವತ್ತೇ ದೊಡ್ಡವರೊಬ್ಬರಿಗೆ ತಿಳಿಸು. ನಾಳೆ ಅವನು ನಿನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ, ಸಿಟ್ಟಾಗಲು ಅವನಿರುತ್ತಾನಲ್ಲ.

ಇಂತಿ,
ನಿಮ್ಮೂರ ಮಾಸ್ತರ