ಎರಡನೇ ಹೆರಿಗೆಗೆ ಮೊದಲನೆಯದರ ಕಾಗದ

“ಮೊದಲನೇದು ಸಿಜರಿನ್ ಆಗೇತಿ ಅಂದಮ್ಯಾಲ ಎರಡನೇದೂ ಸಿಜರಿನ್ನೇ.” ರೋಣ, ಗಜೇಂದ್ರಗಡ, ನರಗುಂದ ಸೀಮೆಯ ಬಸುರಿಯ ಕಿವಿಗೆ ಈ ಮಾತು ಮೊದಮೊದಲ ತಿಂಗಳಿನಿಂದಲೇ ಬೀಳತೊಡಗುತ್ತದೆ. ಅತ್ತೆ ಹೇಳುತ್ತಾರೆ, ಓಣಿಯವರು ಹೇಳುತ್ತಾರೆ, ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೂ ಹೇಳುತ್ತಾರೆ. ಹಡೆಯುವವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕೆಲವರಿಗೆ ಮತ್ತೆ ಆಪರೇಷನ್ ಆದರೇ ನೆಮ್ಮದಿ. ಹಿಂದಿನ ಸಲ ಹಗಲು ರಾತ್ರಿ ಬ್ಯಾನಿ ತಿಂದು ಕೊನೆಗೆ ಅವಸರದಲ್ಲಿ ಥಿಯೇಟರಿಗೆ ಒಯ್ದ ನೆನಪು ಅವರಿಗೆ ಸಾಕಾಗಿದೆ. ಇನ್ನು ಕೆಲವರಿಗೆ ಹೊಲಿಗೆಯ ನೋವು, ಎದ್ದು ಕೂರಲಾಗದೆ ಕೂಸಿಗೆ ಹಾಲು ಕುಡಿಸಲು ಪಟ್ಟ ಪಾಡು, ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಮನೆಯಲ್ಲಿ ಕೇಳಿದ ಕೊಂಕು ಮರೆತಿಲ್ಲ. ಅವರು ಈ ಸಲ ನಾರ್ಮಲ್ ಆದರೆ ಸಾಕಪ್ಪ ಎನ್ನುತ್ತಾರೆ. ಇಬ್ಬರ ಮಾತಿಗೂ ಕಾನೂನಿನಲ್ಲಿ ಬೆಲೆಯಿದೆ. ಆ ಬೆಲೆ ದಕ್ಕಬೇಕಾದರೆ ಒಂದು ಕಾಗದ ಕೈಯಲ್ಲಿರಬೇಕು, ಇನ್ನೊಂದು ಕಾಗದಕ್ಕೆ ಸಹಿ ಹಾಕುವ ಮುನ್ನ ಬಾಯಿ ತೆರೆಯಬೇಕು.

ಕೈಯಲ್ಲಿರಬೇಕಾದದ್ದು ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಕಾರ್ಡ್ ಮತ್ತು ಆಪರೇಷನ್ ಟಿಪ್ಪಣಿ. ಗದಗ ಜಿಲ್ಲೆಯ ಭೀಮವ್ವನ ಇಟಗಿಯನ್ನೇ ತೆಗೆದುಕೊಳ್ಳಿ. ಇಲ್ಲಿಯ ಮಗಳು ಬಾಗಲಕೋಟೆ ಕಡೆಗೋ ಕೊಪ್ಪಳದ ಕಡೆಗೋ ಮದುವೆಯಾಗಿ ಹೋಗಿರುತ್ತಾಳೆ. ಚೊಚ್ಚಲ ಬಾಣಂತನ ತವರಿನವರದು. ಎರಡನೆಯ ಹೊತ್ತಿಗೆ ಆಕೆ ಗಂಡನ ಊರಲ್ಲಿರಬಹುದು, ಇಲ್ಲವೇ ಗಂಡನ ಜೊತೆ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿರಬಹುದು. ಹೊಟ್ಟೆಯಲ್ಲಿ ಕೂಸು ಅಲ್ಲಿ, ಕಾಗದ ತವರಿನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಅಡಿಯಲ್ಲಿ. ಹೊಸ ಆಸ್ಪತ್ರೆಯ ಡಾಕ್ಟರಿಗೆ ಕಾಣುವುದು ಚರ್ಮದ ಮೇಲಿನ ಗಾಯ ಒಂದೇ. ಅದು ಅಡ್ಡಕ್ಕಿದ್ದರೂ ಒಳಗೆ ಗರ್ಭಕೋಶವನ್ನು ಹೇಗೆ ಕೊಯ್ದಿದ್ದರು ಎಂಬುದು ಅದರಿಂದ ತಿಳಿಯುವುದಿಲ್ಲ. ಕಾರ್ಡಿನಲ್ಲಿ ‘ಎಲ್‌ಎಸ್‌ಸಿಎಸ್’ ಎಂದು ಬರೆದಿದ್ದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದಿದ್ದಾರೆಂದು ಅರ್ಥ. ಹೆಚ್ಚಿನವರಿಗೆ ಆಗುವುದು ಇದೇ, ಕೊಯ್ತವೂ ಸಾಮಾನ್ಯವಾಗಿ ಅಡ್ಡಕ್ಕೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸುವುದು ಅಪಾಯ. ಯಾಕೆ ಕೊಯ್ದರು ಎಂಬುದೂ ಅಷ್ಟೇ ಮುಖ್ಯ. ಕೂಸು ಅಡ್ಡ ಮಲಗಿತ್ತು ಎಂಬ ಕಾರಣ ಈ ಸಲ ಇರಲಿಕ್ಕಿಲ್ಲ.

ಒಳಗೆ ಅಡ್ಡ ಕೊಯ್ತವಿದ್ದು, ಒಂದೇ ಸಿಸೇರಿಯನ್ ಆಗಿ, ಬೇರೆ ತೊಡಕಿಲ್ಲದವರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ 100ರಲ್ಲಿ 72ರಿಂದ 75 ಮಂದಿಗೆ ಆಗುತ್ತದೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹಿಂದೆ ಒಮ್ಮೆಯಾದರೂ ನಾರ್ಮಲ್ ಆದವರಿಗೆ ಈ ಸಾಧ್ಯತೆ ಇನ್ನೂ ಹೆಚ್ಚು. ನಮ್ಮವರು ‘ಹೊಲಿಗಿ ಬಿಡತೈತಿ’ ಎಂದು ಹೆದರುವ ಆ ಅಪಾಯ, ಅಂದರೆ ಬ್ಯಾನಿ ನಡುವೆ ಗರ್ಭಕೋಶ ಬಿರಿಯುವುದು, ಸುಮಾರು 200ರಲ್ಲಿ ಒಬ್ಬರಿಗೆ. ಸಣ್ಣದೇ, ಆದರೆ ಆದಾಗ ತಾಯಿಗೂ ಕೂಸಿಗೂ ನಿಮಿಷಗಳ ಲೆಕ್ಕ. ಹಾಗಾಗಿ ಇದು ಮನೆಯಲ್ಲಿ ಅಥವಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುವ ಪ್ರಯತ್ನವಲ್ಲ. ಸ್ತ್ರೀರೋಗ ತಜ್ಞರು, ಅರಿವಳಿಕೆ ವೈದ್ಯರು, ರಕ್ತ ಮೂರೂ ರಾತ್ರಿ ಎರಡು ಗಂಟೆಗೂ ಸಿಗುವ ಕಡೆ ಮಾತ್ರ. ಅತ್ತ ಸಿಸೇರಿಯನ್ ಮೇಲೆ ಸಿಸೇರಿಯನ್ ಆಗುತ್ತ ಹೋದರೂ ಅಪಾಯ ಏರುತ್ತದೆ: ಮಾಸು ಹಳೆಯ ಗಾಯದಲ್ಲಿ ಬೇರು ಬಿಟ್ಟು ಕೂತು, ವಿಪರೀತ ರಕ್ತ ಹೋಗಿ, ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಎರಡೂ ದಾರಿಗೆ ಕಲ್ಲುಮುಳ್ಳಿದೆ ಎಂದು ಎದುರು ಕೂರಿಸಿಕೊಂಡು ಹೇಳುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ಕೊಯ್ಯುವುದೆಲ್ಲ ದುಡ್ಡಿಗಾಗಿ ಎಂಬ ಕಟ್ಟೆ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಜೀವ ಉಳಿದದ್ದು ಅದರಿಂದಲೇ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4 ಇದ್ದದ್ದನ್ನು ನೋಡಿದರೆ ‘ಯಾಕೆ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ ಎಂದು ತಿಳಿಯುತ್ತದೆ. ಕರ್ನಾಟಕದಲ್ಲಿ ಎಲ್ಲ ಸೇರಿ ಶೇ 31.5. ಒಳ್ಳೆಯ ಘಳಿಗೆ ತೆಗೆಸಿ ಕೊಯ್ಯಿಸುವ ನಾವೂ ಈ ಲೆಕ್ಕದಲ್ಲಿದ್ದೇವೆ ಅನ್ನಿ.

ಕಾಗದ ಕೇಳಿ ಪಡೆಯುವುದು

ವೈದ್ಯರ ವೃತ್ತಿ ನಡವಳಿಕೆಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಇಟ್ಟಿರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆ 3 ವರ್ಷದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಸಿಸೇರಿಯನ್ ಆದವರಿಗೆ ಮುಂದಿನ ಕೂಸಿಗೆ ಅಂತರ ಕೊಡಿ ಎನ್ನುತ್ತಾರೆ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವೂ ಇಲ್ಲದಿದ್ದರೆ ಗಾಯ ಬಿರಿಯುವ ಅಪಾಯ ಹೆಚ್ಚು. ಡಾಕ್ಟರ ಮಾತು ಕೇಳಿ ನಾಲ್ಕು ವರ್ಷ ಬಿಟ್ಟು ಬಸುರಾದವಳು ಹಳೆಯ ಆಸ್ಪತ್ರೆಗೆ ಹೋದರೆ ‘ರೆಕಾರ್ಡ್ ತೆಗೆದುಹಾಕಿದ್ದೇವೆ’ ಎಂಬ ಉತ್ತರ ಸಿಕ್ಕೀತು, ಅದನ್ನು ತಪ್ಪೆನ್ನಲೂ ಬರುವುದಿಲ್ಲ. ಎರಡನೆಯ ಕೂಸಿನ ವಿಚಾರ ತಲೆಯಲ್ಲಿ ಇರಲಿ ಬಿಡಲಿ, ಡಿಸ್ಚಾರ್ಜ್ ಆಗುವಾಗಲೇ ನಕಲು ಕೇಳಿಬಿಡಿ. ಅರ್ಜಿ ಬಿಳಿ ಹಾಳೆಯಲ್ಲಿ ಇಷ್ಟಿದ್ದರೆ ಸಾಕು:

“ಇವರಿಗೆ, ವೈದ್ಯಾಧಿಕಾರಿಗಳು, … ಆಸ್ಪತ್ರೆ. ವಿಷಯ: ಹೆರಿಗೆಯ ವೈದ್ಯಕೀಯ ದಾಖಲೆಗಳ ನಕಲು ಕೋರಿ. ಮಾನ್ಯರೇ, ನಾನು … ದಿನಾಂಕದಂದು ತಮ್ಮಲ್ಲಿ ದಾಖಲಾಗಿ ಸಿಸೇರಿಯನ್ ಮೂಲಕ ಹೆತ್ತಿದ್ದೇನೆ. ಒಳರೋಗಿ ಸಂಖ್ಯೆ … ನನ್ನ ಕೇಸ್ ಶೀಟ್, ಆಪರೇಷನ್ ಟಿಪ್ಪಣಿ, ಅರಿವಳಿಕೆ ದಾಖಲೆ, ಸಮ್ಮತಿ ಪತ್ರ ಮತ್ತು ಡಿಸ್ಚಾರ್ಜ್ ಸಾರಾಂಶದ ನಕಲುಗಳನ್ನು 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ. ಜೆರಾಕ್ಸ್ ಖರ್ಚು ಭರಿಸುತ್ತೇನೆ.”

ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಸಹಿತ ಸೀಲು ಹೊಡೆಸಿಕೊಳ್ಳಿ. ಸೀಲು ಹಾಕಲು ಒಲ್ಲೆ ಎಂದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತದೆ. ನಿಮ್ಮದೇ ದಾಖಲೆಯನ್ನು ನಿಮಗೇ ಖಾಸಗಿ ಮಾಹಿತಿ ಎಂದು ನಿರಾಕರಿಸುವಂತಿಲ್ಲ, ಉತ್ತರಕ್ಕೆ 30 ದಿನದ ಗಡುವಿದೆ.

ಈ ದಾಖಲೆ ಮುಂದಿನ ಹೆರಿಗೆಗಷ್ಟೇ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ಸರ್ಕಾರ ನಿಲ್ಲಿಸಿ ತನಿಖೆಗೆ ಇಳಿಯಿತು. ಯಾರಿಗೆ, ಯಾವ ಹೊತ್ತಿಗೆ, ಯಾವ ಬಾಟಲಿ ಏರಿಸಿದರು ಎಂಬುದನ್ನು ಹೇಳಬಲ್ಲದ್ದು ಕೇಸ್ ಶೀಟ್. ಮನೆಯವರಿಗೆ ಬಣ್ಣ ನೆನಪಿರುತ್ತದೆ, ಹೆಸರಲ್ಲ.

ಸಹಿ ಯಾರದು?

ಆಸ್ಪತ್ರೆಯ ಬಾಗಿಲಲ್ಲಿ ನರ್ಸು “ಗಂಡ ಯಾರ್ರೀ? ಸಹಿ ಮಾಡ್ರಿ” ಎನ್ನುತ್ತಾರೆ. ಗಂಡ ಇಲ್ಲದಿದ್ದರೆ ಅಪ್ಪ, ಅಪ್ಪ ಇಲ್ಲದಿದ್ದರೆ ಅಣ್ಣ. ಒಳಗೆ ಮಲಗಿದವಳಿಗೆ 18 ತುಂಬಿದೆ, ಪ್ರಜ್ಞೆ ಇದೆ, ಸಹಿ ಬರುತ್ತದೆ. ಆಕೆಯ ಮುಂದೆ ಮಾತ್ರ ಹಾಳೆ ಬಂದಿರುವುದಿಲ್ಲ. ಇದು ರೂಢಿ, ಕಾನೂನಲ್ಲ.

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಇದನ್ನು ಬಿಡಿಸಿ ಹೇಳಿದೆ. 44 ವರ್ಷದ ಹೆಣ್ಣುಮಗಳೊಬ್ಬರು ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದಿದ್ದರು. ಮಗಳು ಎಚ್ಚರವಾಗುವವರೆಗೆ ಕಾಯಲಾಗದಂಥ ತುರ್ತೇನೂ ಇರಲಿಲ್ಲ, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದಿತು ಕೋರ್ಟು. ಒಪ್ಪಿಗೆಗೆ ಮುನ್ನ ಡಾಕ್ಟರು ಏನೇನು ಹೇಳಿರಬೇಕು ಎಂದೂ ಬರೆಯಿತು: ಚಿಕಿತ್ಸೆ ಯಾವುದು, ಏಕೆ, ಅದರಿಂದ ಏನು ಪ್ರಯೋಜನ, ದೊಡ್ಡ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ. ನಮ್ಮ ವಿಷಯ ನಿಂತಿರುವುದು ಈ ಕೊನೆಯದರ ಮೇಲೆ. ಮೊದಲು ಸಿಸೇರಿಯನ್ ಆದವಳಿಗೆ ಸಹಜ ಹೆರಿಗೆಯ ಪ್ರಯತ್ನ ಒಂದು ಬೇರೆ ದಾರಿ. ಆಕೆಯ ಮಟ್ಟಿಗೆ ಅದು ಯೋಗ್ಯವೋ ಅಲ್ಲವೋ ಎಂದು ಹೇಳದೆ ಪಡೆದ ಸಹಿ ಅರ್ಧ ಸಹಿ. ಜೀವ ಉಳಿಸುವ ತುರ್ತಿದ್ದು ಒಪ್ಪಿಗೆ ಪಡೆಯಲಾಗದಿದ್ದರೆ ಡಾಕ್ಟರು ಮುಂದುವರಿಯಬಹುದು. ಅದನ್ನೂ ಇದೇ ತೀರ್ಪು ಹೇಳುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ‘ನನಗೆ ನಾರ್ಮಲ್ಲೇ ಮಾಡಿಸಿ’ ಎಂದು ಡಾಕ್ಟರನ್ನು ಕಟ್ಟಿಹಾಕುವ ಹಕ್ಕು ನಿಮಗಿಲ್ಲ. ಸೌಲಭ್ಯವಿಲ್ಲದ ಆಸ್ಪತ್ರೆ ‘ನಮ್ಮಲ್ಲಿ ಆಗದು’ ಎನ್ನಬಹುದು. ಆಗ ಕೇಳಬೇಕಾದದ್ದು ರೆಫರ್ ಚೀಟಿ, ಅದೂ ಏಳನೇ ಎಂಟನೇ ತಿಂಗಳಲ್ಲೇ. ಬ್ಯಾನಿ ಶುರುವಾದಮೇಲೆ 108ರಲ್ಲಿ ಮಲಗಿ ರೋಣದಿಂದ ಗದಗಿಗೆ, ಗದಗಿನಿಂದ ಹುಬ್ಬಳ್ಳಿಗೆ ಹೋಗುವುದನ್ನು ಆಯ್ಕೆ ಎನ್ನಲಾಗದು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಹಿಂದೆ ಸಿಸೇರಿಯನ್ ಆದವರನ್ನು ಅಲ್ಲಿ ಹೆಚ್ಚಿನ ಅಪಾಯದವರೆಂದು ಗುರುತಿಸುತ್ತಾರೆ. ತಾಯಿ ಕಾರ್ಡಿನ ಜೊತೆ ಹಳೆಯ ಫೈಲನ್ನೂ ಒಯ್ದು ಕೇಳಿ: “ಮೇಡಂ, ನನ್ನ ಒಳಗಿನ ಗಾಯ ಯಾವ ಥರದ್ದು? ಈ ಸಲ ನಾರ್ಮಲ್‌ಗೆ ನೋಡಬಹುದಾ? ನೋಡೋದಾದರೆ ಎಲ್ಲಿ?” ಉತ್ತರವನ್ನು ಕಾರ್ಡಿನಲ್ಲೇ ಬರೆಸಿಕೊಳ್ಳಿ. ಬೇಡ ಎಂದರೆ ಕಾರಣ ಬರೆಸಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ದರೆ ಮಾತಿಗೆ ಧೈರ್ಯ ಬರುತ್ತದೆ.

ಕೈಗೆ ಬರುವ ಸಮ್ಮತಿ ಪತ್ರ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿಸಿಕೊಳ್ಳಿ. ಖಾಲಿ ಬಿಟ್ಟ ಜಾಗಕ್ಕೆ ಸಹಿ ಬೇಡ.

ಹೊಟ್ಟೆ ತೆರೆದಾಗಲೇ ‘ಆ ಆಪರೇಷನ್ನೂ’

ಎರಡನೇ ಸಿಸೇರಿಯನ್ ಎಂದರೆ ಸಂತಾನಹರಣ ಚಿಕಿತ್ಸೆಯೂ ಅದರ ಜೊತೆಗೇ ಮುಗಿಯಿತು ಎಂದು ಎಲ್ಲರೂ ಹಿಡಿದುಬಿಟ್ಟಿದ್ದಾರೆ. ಹೆಚ್ಚಿನ ಹೆಂಗಸರೂ ಅದನ್ನೇ ಬಯಸುತ್ತಾರೆ, ತಪ್ಪಿಲ್ಲ. ತಪ್ಪಾಗುವುದು ಹೊರಗೆ ನಿಂತ ಗಂಡನೋ ಅತ್ತೆಯೋ “ಹೆಂಗೂ ಹೊಟ್ಟಿ ಕೊಯ್ದೀರಿ, ಅದನ್ನೂ ಮಾಡಿಬಿಡ್ರಿ” ಎಂದಾಗ. ದೇವಿಕಾ ಬಿಸ್ವಾಸ್ ಪ್ರಕರಣದ 2016ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಈ ಚಿಕಿತ್ಸೆಯ ಪರಿಣಾಮವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯ ಬಿಡುವಾದರೂ ಕೊಡಬೇಕು ಎಂದು ಹೇಳಿತು. ಅರಿವಳಿಕೆ ಕೊಟ್ಟು ಮಲಗಿಸಿದವಳಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು? ಬೇಕು ಅಥವಾ ಬೇಡ ಎಂಬುದನ್ನು ದಾಖಲಾಗುವ ಮೊದಲೇ ಬರೆದುಕೊಡಿ. ಹೆರಿಗೆಯ ಬೆನ್ನಿಗೇ ಹಾಕುವ ವಂಕಿಗೂ (ಕಾಪರ್-ಟಿ) ನಿಮ್ಮ ಒಪ್ಪಿಗೆ ಬೇಕು. ಹಾಕಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರಬೇಕು.

ದುಡ್ಡು ಮತ್ತು ದೂರು

2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ನೂ ಉಚಿತ. ಔಷಧ, ರಕ್ತ, ಪರೀಕ್ಷೆ ಎಲ್ಲವೂ ಅದರಲ್ಲೇ ಬಂತು. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ; ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ, ಮತ್ತೆ ಮನೆಗೆ ವಾಹನ. ಗುಳೆ ಹೋದವರಿಗೆ ಗೋವಾದ ಸರ್ಕಾರಿ ಆಸ್ಪತ್ರೆಯಲ್ಲೂ ಇದು ಅನ್ವಯ. ಕೂಸಿನ ಮುಖ ತೋರಿಸಿ ‘ಖುಷಿ’ ಕೇಳುವುದು ಯಾವ ಯೋಜನೆಯಲ್ಲೂ ಇಲ್ಲ. ಅದು ಲಂಚ, ದೂರು ಲೋಕಾಯುಕ್ತಕ್ಕೆ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅನುಮತಿ ಕೊಟ್ಟಿದೆ. ಹಡೆದ ಅನುಭವವಿರುವ ಹೆಂಗಸಾದರೆ ಮೇಲು. ಮರೆ ಇರುವ ಕಡೆ ಗಂಡನೂ ಇರಬಹುದು.

ಸರ್ಕಾರಿ ಆಸ್ಪತ್ರೆಯ ಬಗೆಗಿನ ದೂರು 104 ಸಹಾಯವಾಣಿಗೆ, ಇಲ್ಲವೇ ಗದಗಿನ ಜಿಲ್ಲಾ ಆರೋಗ್ಯಾಧಿಕಾರಿಗೆ. ಖಾಸಗಿಯದಾದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರವಿದೆ. ದಾಖಲೆ ಕೊಡದಿದ್ದರೆ, ದರಪಟ್ಟಿ ಮೀರಿ ಬಿಲ್ ಮಾಡಿದರೆ ಅಲ್ಲಿಗೆ ಅರ್ಜಿ ಹಾಕಿ. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ಬರುತ್ತದೆಂದು 1995ರಲ್ಲೇ ತೀರ್ಮಾನವಾಗಿದೆ. ಯಾರಿಂದಲೂ ಶುಲ್ಕ ಪಡೆಯದ ಆಸ್ಪತ್ರೆಗೆ ಅದು ಅನ್ವಯಿಸುವುದಿಲ್ಲ. ಗಡುವು 2 ವರ್ಷ. ಎಲ್ಲ ಕೆಟ್ಟ ಫಲಿತಾಂಶವೂ ನಿರ್ಲಕ್ಷ್ಯವಲ್ಲ. ಪರಿಣತ ವೈದ್ಯರ ಅಭಿಪ್ರಾಯವಿಲ್ಲದೆ ನಿರ್ಲಕ್ಷ್ಯದ ದೂರು ನಿಲ್ಲುವುದು ಕಷ್ಟ, ಆ ಅಭಿಪ್ರಾಯ ಕೊಡುವವರಿಗೂ ಮತ್ತದೇ ಕೇಸ್ ಶೀಟ್ ಬೇಕು.

ವಕೀಲರ ಫೀ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನೂ ಮಾಡಬಹುದು. ಹೆರಿಗೆ ಆದದ್ದು ಮಡಗಾಂವಿನ ಖಾಸಗಿ ಆಸ್ಪತ್ರೆಯಲ್ಲಿ, ಈಗ ಇರುವುದು ಇಟಗಿಯಲ್ಲಿ ಎಂದಾದರೆ ಕೇಸಿಗಾಗಿ ಗೋವಾಕ್ಕೆ ಅಲೆಯಬೇಕಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಗದಗಿನ ಆಯೋಗದಲ್ಲೇ, ದೂರು ಕೊಡಬಹುದು.